ಹಳೆಯ ತಂತ್ರಾಂಶಗಳ ಒಡೆತನವೂ ಅನುಮತಿಯೂ

ಬೇಲಿಯಿಲ್ಲದ ಹೊಲವೆಲ್ಲವೂ ಗೋಮಾಳವಲ್ಲವೆಂಬುದನ್ನು ನಮ್ಮ ಹಳ್ಳಿಗಳ ಚಿಕ್ಕ ಮಕ್ಕಳೂ ಬಲ್ಲರು. ದನಗಳನ್ನು ಅಟ್ಟಿಕೊಂಡು ಹೋಗುವ ಹುಡುಗನು ಈ ನೆಲ ಯಾರದು, ಇಲ್ಲಿ ಮೇಯಿಸಲು ಅಪ್ಪಣೆಯುಂಟೆ ಎಂದು ವಿಚಾರಿಸಿಕೊಂಡೇ ಮುಂದೆ ಹೆಜ್ಜೆಯಿಡುತ್ತಾನೆ. ಆದರೆ ಕಂಪ್ಯೂಟರಿನ ತಂತ್ರಾಂಶಗಳ ವಿಷಯದಲ್ಲಿ ವಿದ್ಯಾವಂತರೆನ್ನಿಸಿಕೊಂಡ ನಾವು ಈ ವಿವೇಕವನ್ನು ಮರೆತಿರುವಂತೆ ಕಾಣುತ್ತದೆ. ಹಳೆಯದೊಂದು ಕಡತವು ಎಲ್ಲಿಯೋ ದೊರೆಯಿತು. ಅದನ್ನು ತೆರೆದು ಓದಲು ಯಾರೂ ಅಡ್ಡಿಮಾಡಲಿಲ್ಲ. ಆದುದರಿಂದ ಅದು ಎಲ್ಲರದೂ ಆಯಿತು ಎಂದು ತೀರ್ಮಾನಿಸುವವರು ಬಹುಮಂದಿ. ಇನ್ನು ಕೆಲವರು ಇದಕ್ಕೆ ವಿರುದ್ಧವಾಗಿ, ಒಡೆಯನ ಹೆಸರನ್ನು ಕಂಡೊಡನೆಯೇ ಬೆದರಿ, ಅವನು ಧಾರಾಳವಾಗಿ ಕೊಟ್ಟಿದ್ದುದನ್ನೂ ಮುಟ್ಟದೆ ಬಿಡುತ್ತಾರೆ. ಈ ಎರಡು ಬಗೆಯ ನಡತೆಗೂ ಕಾರಣವೊಂದೇ: ಓದಬೇಕಾದುದನ್ನು ಓದದೆ ಇರುವುದು. ಹಳೆಯ ಕಡತಗಳ ಅನುಮತಿಯನ್ನು ಓದಿ ಗುರುತಿಸುವ ವಿದ್ಯೆಯನ್ನು ನಮ್ಮ ಹೆಣ್ಣುಮಕ್ಕಳು ಕಲಿಯತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ವಿಷಯವನ್ನು ಮೊದಲು ಸ್ವಲ್ಪ ವಿವರಿಸುವುದು ಯುಕ್ತ. ತಂತ್ರಾಂಶವನ್ನು ಬರೆಯುವವರು ಮನುಷ್ಯರು ಓದಬಲ್ಲ ರೂಪದಲ್ಲಿ ಅದನ್ನು ಬರೆಯುತ್ತಾರೆ; ಇದಕ್ಕೆ ಮೂಲ ಸಂಕೇತವೆಂದು ಹೆಸರು. ಈ ಬರಹವು ನಮ್ಮ ದೇಶದ ಕಾನೂನಿನಲ್ಲಿ ಕಥೆ ಕಾವ್ಯಗಳಂತೆಯೇ ಒಂದು ಸಾಹಿತ್ಯ ಕೃತಿ. 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ಆದ ತಿದ್ದುಪಡಿಯಿಂದ ಕಂಪ್ಯೂಟರ್ ಪ್ರೋಗ್ರಾಮುಗಳಿಗೆ ಈ ಸ್ಥಾನವು ದೊರಕಿತು. ಬರೆದವನು ಎಲ್ಲಿಯೂ ನೋಂದಾಯಿಸಬೇಕಾಗಿಲ್ಲ, ತನ್ನ ಹೆಸರನ್ನು ಕೂಡ ಹಾಕಬೇಕಾಗಿಲ್ಲ. ಬರೆದ ಕ್ಷಣದಲ್ಲಿಯೇ ಸ್ವಾಮ್ಯವು ಹುಟ್ಟುತ್ತದೆ, ಮತ್ತು ಅವನ ಮರಣಾನಂತರ ಅರವತ್ತು ವರ್ಷಗಳವರೆಗೆ ಬದುಕಿರುತ್ತದೆ. ಬೇರೊಬ್ಬರು ಅದನ್ನು ಪ್ರತಿಮಾಡಿ ಹಂಚಬೇಕಾದರೆ, ತಿದ್ದಿ ಹೊಸದನ್ನು ಮಾಡಬೇಕಾದರೆ, ಒಡೆಯನ ಲಿಖಿತ ಅನುಮತಿ ಬೇಕು. ಈ ಅನುಮತಿ ಪತ್ರವನ್ನೇ ಪರವಾನಗಿ ಅಥವಾ ಲೈಸೆನ್ಸ್ ಎನ್ನುವುದು. ಯಾವ ಪರವಾನಗಿಯು ಎಲ್ಲರಿಗೂ ಓದಲು, ತಿದ್ದಲು, ಹಂಚಲು ಹಕ್ಕನ್ನು ಕೊಡುವುದೋ ಅದರಡಿಯಲ್ಲಿ ಬಂದುದು ಮುಕ್ತ ತಂತ್ರಾಂಶ. ಹೀಗಿರಲು, ಯಾವ ಮಾತನ್ನೂ ಹೇಳದೆ ಮೌನವಾಗಿರುವ ಕಡತವು ಮುಕ್ತವಲ್ಲ, ಮುಚ್ಚಿದ್ದು. ಇದು ಅನೇಕರಿಗೆ ಆಶ್ಚರ್ಯವನ್ನುಂಟುಮಾಡುವ ಸಂಗತಿಯಾದರೂ ಕಾನೂನಿನ ಸ್ಥಿತಿ ಹೀಗೆಯೇ ಇರುವುದು.

ನಮ್ಮ ಮೈಸೂರಿನವರಿಗೆ ಈ ವಿದ್ಯೆ ಹೊಸದೆಂದು ಹೇಳಲಾಗದು. 1891ನೆಯ ಇಸವಿಯಲ್ಲಿ ಸ್ಥಾಪಿತವಾದ ನಮ್ಮ ಪ್ರಾಚ್ಯ ವಿದ್ಯಾ ಸಂಶೋಧನಾಲಯದಲ್ಲಿ ಪಂಡಿತರು ತಾಳೆಯೋಲೆಯ ಗ್ರಂಥಗಳನ್ನು ಇಟ್ಟುಕೊಂಡು ಮಾಡುತ್ತ ಬಂದ ಕೆಲಸವು ಇದರ ಹಿರಿಯಕ್ಕನೇ ಸರಿ. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚುಹಾಕಿಸಿದುದು ಈ ಸಂಸ್ಥೆಯಿಂದಲೇ. ಓಲೆಯ ಕಟ್ಟೊಂದು ಕೈಗೆ ಬಂದಾಗ ಪಂಡಿತನು ಮೊದಲು ನೋಡುವುದು ಆರಂಭದ ಗರಿಯನ್ನೂ ಕೊನೆಯ ಗರಿಯನ್ನೂ. ಪ್ರತಿಮಾಡಿದವನು ಯಾರು, ಯಾರಿಗಾಗಿ ಮಾಡಿದನು, ಯಾವ ಸಂವತ್ಸರದಲ್ಲಿ ಮಾಡಿದನು ಎಂಬುದು ಸಾಮಾನ್ಯವಾಗಿ ಅಂತ್ಯದಲ್ಲಿರುತ್ತದೆ. ದುರದೃಷ್ಟವೆಂದರೆ ಕಟ್ಟಿನ ಹೊರಗಡೆಯ ಗರಿಗಳೇ ಮೊದಲು ಮುರಿಯುವುವು, ಹುಳುವಿನ ಬಾಯಿಗೆ ಬೀಳುವುವು. ಆಗ ಲಿಪಿಯ ತಿರುವು, ಭಾಷೆಯ ರೂಢಿ, ಬೇರೊಂದು ಪ್ರತಿಯೊಡನೆ ಹೋಲಿಕೆ, ಇವುಗಳಿಂದ ಕಾಲವನ್ನೂ ಮೂಲವನ್ನೂ ಊಹಿಸಬೇಕು. ತಂತ್ರಾಂಶದ ಕಡತದಲ್ಲಿಯೂ ಒಡೆಯನ ಹೆಸರು, ವರ್ಷ, ಅನುಮತಿಯ ಮಾತು ಇವು ತಲೆಭಾಗದಲ್ಲಿ ಇರುವುದು ವಾಡಿಕೆ; ಮತ್ತು ಒಬ್ಬರು ಬರೆದ ಭಾಗವನ್ನು ಮತ್ತೊಬ್ಬರು ಎತ್ತಿ ತಮ್ಮ ಕಡತಕ್ಕೆ ಅಂಟಿಸಿಕೊಳ್ಳುವಾಗ ಮೊದಲು ಉದುರಿಹೋಗುವುದೂ ಈ ತಲೆಭಾಗವೇ.

ತಲೆಬರಹವು ಉಳಿದಿದ್ದರೂ ಅದನ್ನು ಓದುವುದು ಸುಲಭವೆಂದು ತಿಳಿಯಬಾರದು. ಅಮೆರಿಕಾ ದೇಶದ ಬರ್ಕ್‌ಲಿ ವಿಶ್ವವಿದ್ಯಾನಿಲಯದಿಂದ ಹೊರಟು ಬಿ.ಎಸ್.ಡಿ. ಎಂದು ಹೆಸರಾದ ಕಡತಗಳನ್ನು ನೋಡಿರಿ. ಮೊದಲ ಸಾಲುಗಳಲ್ಲಿಯೇ ಎಲ್ಲಾ ಹಕ್ಕುಗಳನ್ನೂ ಕಾದಿರಿಸಿಕೊಳ್ಳಲಾಗಿದೆಯೆಂಬ ಮಾತಿರುತ್ತದೆ. ಅವಸರದ ಓದುಗಳು ಅಲ್ಲಿಗೇ ನಿಲ್ಲಿಸಿ ಇದು ನಮಗಲ್ಲವೆಂದು ಬದಿಗಿಡುವಳು. ಆದರೆ ಆ ಮಾತಿನ ಕೆಳಗೆಯೇ, ಈ ಕೆಲವು ನಿಬಂಧನೆಗಳಿಗೆ ಒಳಪಟ್ಟು ಯಾರು ಬೇಕಾದರೂ ಪ್ರತಿಮಾಡಿ ಹಂಚಬಹುದು, ತಿದ್ದಬಹುದು ಎಂಬ ಅನುಮತಿಯೂ ಇರುವುದು. ಕಾದಿರಿಸಿದ ಮಾತು 1910ರ ಬ್ಯೂನಸ್ ಐರಿಸ್ ಒಪ್ಪಂದದ ಕಾಲದಿಂದ ಬಂದ ಒಂದು ರೂಢಿಯ ಉಳಿಕೆ; ಕೆಳಗಿನ ಅನುಮತಿಯೇ ನಿಜವಾದ ಶಾಸನ. ಇದರಲ್ಲಿ ಇನ್ನೊಂದು ಸೂಕ್ಷ್ಮವೂ ಉಂಟು. ಹಳೆಯ ಬಿ.ಎಸ್.ಡಿ. ಪರವಾನಗಿಯಲ್ಲಿ ನಾಲ್ಕು ನಿಬಂಧನೆಗಳಿದ್ದುವು. ಜಾಹೀರಾತುಗಳಲ್ಲಿ ವಿಶ್ವವಿದ್ಯಾನಿಲಯದ ಹೆಸರನ್ನು ಹೇಳಲೇಬೇಕೆಂಬುದು ಅವುಗಳಲ್ಲೊಂದು. 1999ನೆಯ ಇಸವಿ ಜುಲೈ ತಿಂಗಳಲ್ಲಿ ವಿಶ್ವವಿದ್ಯಾನಿಲಯವು ಈ ನಿಬಂಧನೆಯನ್ನು ತೆಗೆದುಹಾಕಿತು. ಆದುದರಿಂದ ಅದರ ಸ್ವಾಮ್ಯದಲ್ಲಿರುವ ಹಳೆಯ ಕಡತದಲ್ಲಿ ನಾಲ್ಕು ನಿಬಂಧನೆಗಳು ಕಂಡರೂ ಮೂರೇ ಎಂದು ತಿಳಿಯಬಹುದು. ಆದರೆ ಅದೇ ಮಾತುಗಳನ್ನು ಎರವಲು ತೆಗೆದುಕೊಂಡು ಬೇರೊಬ್ಬರು ತಮ್ಮ ಕಡತಕ್ಕೆ ಹಾಕಿಕೊಂಡಿದ್ದರೆ, ಅವರು ತೆಗೆಯುವವರೆಗೂ ಆ ನಾಲ್ಕನೆಯದು ನಿಂತೇ ಇರುವುದು. ಅಕ್ಷರಗಳು ಒಂದೇ, ಒಡೆಯರು ಬೇರೆ, ಅರ್ಥವೂ ಬೇರೆಯಾಯಿತು.

ಗ್ನು ಸಾರ್ವತ್ರಿಕ ಪರವಾನಗಿ ಅಥವಾ ಜಿ.ಪಿ.ಎಲ್. ಎಂಬುದು ಇದಕ್ಕಿಂತಲೂ ಹೆಚ್ಚು ಬಳಕೆಯಲ್ಲಿರುವ ಹೆಸರು. ಇದರ ಮೊದಲನೆಯ ಆವೃತ್ತಿ 1989ರಲ್ಲಿಯೂ, ಎರಡನೆಯದು 1991ರಲ್ಲಿಯೂ, ಮೂರನೆಯದು 2007ರಲ್ಲಿಯೂ ಹೊರಟುವು. ಕಡತದ ತಲೆಯಲ್ಲಿ ಎರಡನೆಯ ಆವೃತ್ತಿ ಎಂದಷ್ಟೇ ಬರೆದಿರುವುದಕ್ಕೂ, ಎರಡನೆಯದು ಅಥವಾ ನಿಮ್ಮ ಇಷ್ಟದಂತೆ ಮುಂದಿನ ಯಾವುದಾದರೂ ಆವೃತ್ತಿ ಎಂದು ಬರೆದಿರುವುದಕ್ಕೂ ಅಜಗಜಾಂತರವಿದೆ. ಏಕೆಂದರೆ ಎರಡನೆಯದಕ್ಕೆ ಮಾತ್ರ ಬದ್ಧವಾದ ಬರಹವನ್ನು ಮೂರನೆಯದಕ್ಕೆ ಮಾತ್ರ ಬದ್ಧವಾದುದರೊಡನೆ ಬೆರೆಸಿ ಹಂಚುವಂತಿಲ್ಲ. ಆವೃತ್ತಿಯ ಸಂಖ್ಯೆಯನ್ನೇ ಹೇಳದೆ ಬಿಟ್ಟಿದ್ದರೆ, ಪ್ರಕಟವಾದ ಯಾವ ಆವೃತ್ತಿಯನ್ನಾದರೂ ಆರಿಸಿಕೊಳ್ಳಬಹುದೆಂದು ಆ ಪರವಾನಗಿಯೇ ಹೇಳುತ್ತದೆ. ಮೌನವು ಒಂದು ಕಡೆ ಬಾಗಿಲನ್ನು ಮುಚ್ಚುವುದೂ ಇನ್ನೊಂದು ಕಡೆ ತೆರೆಯುವುದೂ ಇಲ್ಲಿಯ ವಿಚಿತ್ರ.

ಇಲ್ಲಿ ಕಾಲವನ್ನು ಗುರುತಿಸುವ ಒಂದು ಚಿಕ್ಕ ಉಪಾಯವನ್ನು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸಿಲ್ಲ. ಪರವಾನಗಿಯ ಪೂರ್ಣ ಪ್ರತಿ ದೊರೆಯದಿದ್ದರೆ ಕಾಗದ ಬರೆದು ತರಿಸಿಕೊಳ್ಳಿರೆಂದು ಹಳೆಯ ಜಿ.ಪಿ.ಎಲ್. ತಲೆಬರಹಗಳ ಕೊನೆಯಲ್ಲಿ ಅದನ್ನು ಹೊರಡಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಎಂಬ ಸಂಸ್ಥೆಯ ವಿಳಾಸವನ್ನು ಕೊಟ್ಟಿರುತ್ತಾರೆ. ಆ ಸಂಸ್ಥೆಯು ಮನೆ ಬದಲಾಯಿಸಿದಂತೆಲ್ಲಾ ವಿಳಾಸವೂ ಬದಲಾಯಿತು. ಕೇಂಬ್ರಿಜಿನ ಮ್ಯಾಸಚೂಸೆಟ್ಸ್ ಅವೆನ್ಯೂ 675 ಎಂದಿದ್ದರೆ ಆ ತಲೆಬರಹದ ಮಾದರಿಯು 1995ರ ಸುಮಾರಿಗೆ ಹಿಂದಿನದು. ಬಾಸ್ಟನ್ ನಗರದ ಟೆಂಪಲ್ ಪ್ಲೇಸ್ 59 ಎಂದಿದ್ದರೆ 2005ರವರೆಗಿನದು. ಫ್ರಾಂಕ್ಲಿನ್ ಬೀದಿ 51 ಎಂದಿದ್ದರೆ ಅನಂತರದ್ದು, ಮತ್ತು ಆ ಕಚೇರಿಯನ್ನು ಕೂಡ 2024ರಲ್ಲಿ ಮುಚ್ಚಿದರು. ಈಗ ಆ ಹಳೆಯ ಬಾಗಿಲುಗಳಿಗೆ ಕಾಗದ ಬರೆದು ಪ್ರಯೋಜನವಿಲ್ಲ. ಆದರೆ ಶಾಸನದಲ್ಲಿ ಅರಸನ ಬಿರುದುಗಳಿಂದ ಕಾಲವನ್ನು ನಿರ್ಧರಿಸುವಂತೆ, ಈ ಮನೆಯ ಸಂಖ್ಯೆಗಳಿಂದ ಕಡತದ ವಯಸ್ಸನ್ನು ಅಂದಾಜು ಮಾಡಬಹುದು. ಹಳೆಯ ಮಾದರಿಯನ್ನು ಬಹುಕಾಲದ ಮೇಲೆ ನಕಲು ಮಾಡಿದವರೂ ಉಂಟಾದುದರಿಂದ, ಇದು ಸುಳಿವೇ ಹೊರತು ಸಾಕ್ಷ್ಯವಲ್ಲ.

ಎಲ್ಲಾ ತಲೆಬರಹಗಳೂ ವಕೀಲರ ಭಾಷೆಯಲ್ಲಿಯೇ ಇರುವುವೆಂದಲ್ಲ. ಪ್ರಪಂಚದ ಎಣಿಕೆಗೆ ಸಿಗದಷ್ಟು ಫೋನುಗಳ ಒಳಗೆ ಕುಳಿತು ಕೆಲಸಮಾಡುತ್ತಿರುವ ಎಸ್‌ಕ್ಯೂಲೈಟ್ ಎಂಬ ತಂತ್ರಾಂಶದ ಕಡತಗಳಲ್ಲಿ ಕರ್ತೃವು ತನ್ನ ಸ್ವಾಮ್ಯವನ್ನು ಬಿಟ್ಟುಕೊಟ್ಟು, ಕಾನೂನಿನ ಮಾತಿನ ಬದಲು ಓದುಗರಿಗೆ ಒಂದು ಆಶೀರ್ವಾದವನ್ನು ಬರೆದಿದ್ದಾನೆ. ಇದನ್ನು ಓದಿ ನಮಗೆ ಬಹಳ ಸಂತೋಷವಾಯಿತು. ಆದರೆ ಈ ಉದಾರಿಗಳ ನಡುವೆ ಎಚ್ಚರಿಕೆಯೂ ಅಗತ್ಯ. ನ್ಯೂಮರಿಕಲ್ ರೆಸಿಪೀಸ್ ಎಂಬ ಪ್ರಸಿದ್ಧ ಗಣಿತ ಗ್ರಂಥದಲ್ಲಿ ಅಚ್ಚಾದ ಸಂಕೇತಗಳನ್ನು ಎಷ್ಟೋ ವಿಜ್ಞಾನಿಗಳು ತಮ್ಮ ಕಡತಗಳಿಗೆ ಬೆರಳಚ್ಚು ಮಾಡಿಕೊಂಡು, ಅನಂತರ ಆ ಕಡತಗಳನ್ನು ಮುಕ್ತವೆಂದು ಹಂಚಿದುದುಂಟು. ಆ ಗ್ರಂಥದ ಕರ್ತೃಗಳಾದರೋ ಅಂತಹ ಹಂಚಿಕೆಗೆ ಅನುಮತಿಯನ್ನೇ ಕೊಟ್ಟಿರಲಿಲ್ಲ. ಅಚ್ಚಾದ ಪುಸ್ತಕದಲ್ಲಿ ಕಾಣಿಸಿತೆಂಬುದು ದಾನವಾಗುವುದಿಲ್ಲ.

ತಲೆಬರಹವೇ ಇಲ್ಲದ ಕಡತವನ್ನು ಏನು ಮಾಡಬೇಕು? ಅದರ ಸುತ್ತಮುತ್ತ ನೋಡಬೇಕು. ಅದೇ ಕಟ್ಟಿನಲ್ಲಿ ಪರವಾನಗಿಯ ಪ್ರತಿಯೊಂದು ಬೇರೆ ಕಡತವಾಗಿ ಇರಬಹುದು. ಆಗ ಇಡೀ ಕಟ್ಟಿಗೆ ಅದೇ ಅನ್ವಯಿಸುವುದೆಂದು ತಿಳಿಯಲು ಕಾರಣವುಂಟು. ತಿದ್ದುಪಡಿಗಳ ಚರಿತ್ರೆಯನ್ನು ಕಾಪಾಡಿದ್ದರೆ, ಮೊದಲು ಯಾರು ಅದನ್ನು ತಂದು ಸೇರಿಸಿದರು, ಏನೆಂದು ಹೇಳಿ ಸೇರಿಸಿದರು ಎಂಬುದನ್ನು ಅಲ್ಲಿ ಹುಡುಕಬಹುದು. ಲಿನಕ್ಸ್ ಎಂಬ ಮಹಾ ತಂತ್ರಾಂಶದ ತಿರುಳಿನಲ್ಲಿ ಇಂತಹ ಶೋಧನೆಯು 2017ರಲ್ಲಿ ನಡೆಯಿತು. 60,537 ಕಡತಗಳನ್ನು ಪರೀಕ್ಷಿಸಿದರು. ಬೇರೆ ಬೇರೆ ಶೋಧಕ ಯಂತ್ರಗಳನ್ನು ಅವುಗಳ ಮೇಲೆ ಓಡಿಸಿದರು. ಯಂತ್ರಗಳ ಫಲಿತಾಂಶಗಳನ್ನು ಕೇಟ್ ಸ್ಟೂಅರ್ಟ್ ಎಂಬ ಮಹಿಳೆಯು ಕಡತ ಕಡತಕ್ಕೆ ಹೋಲಿಸಿ ಯಾವುದಕ್ಕೆ ಯಾವ ಪರವಾನಗಿಯೆಂದು ನಿರ್ಧರಿಸಿದರು. ತಲೆಬರಹವಿಲ್ಲದ ಸಾವಿರಾರು ಕಡತಗಳಿಗೆ ಆ ಯೋಜನೆಯ ಒಟ್ಟು ಪರವಾನಗಿಯಾದ ಜಿ.ಪಿ.ಎಲ್. ಎರಡನೆಯ ಆವೃತ್ತಿಯ ಗುರುತನ್ನು ಒಂದೇ ಸಾಲಿನಲ್ಲಿ ಬರೆದರು. ಈ ಒಂದು ಸಾಲಿನ ಗುರುತಿಗೆ ಎಸ್.ಪಿ.ಡಿ.ಎಕ್ಸ್. ಎಂದು ಹೆಸರು, 2011ರಲ್ಲಿ ಇದರ ಮೊದಲ ಆವೃತ್ತಿ ಪ್ರಕಟವಾಗಿ, 2021ರಲ್ಲಿ ಅಂತರರಾಷ್ಟ್ರೀಯ ಮಾನಕವೆಂಬ ಮನ್ನಣೆಯನ್ನು ಪಡೆಯಿತು. ಯಂತ್ರವು ಸಾಲುಗಳನ್ನು ಸರಸರನೆ ಹೋಲಿಸಬಲ್ಲುದೇ ಹೊರತು, ಒಂದೇ ಅರ್ಥವನ್ನು ನೂರಾರು ಬಗೆಯಲ್ಲಿ ಬರೆದಿಟ್ಟ ಜನರ ಮನಸ್ಸನ್ನು ಪೂರ್ತಿಯಾಗಿ ಅರಿಯಲಾರದು. ಒಬ್ಬ ಹೆಂಗಸು ತಾಳ್ಮೆಯಿಂದ ಕುಳಿತು ಓದಿದ ಮೇಲೆಯೇ ಈ ಕಾರ್ಯಕ್ಕೆ ನಂಬಿಕೆ ಬಂದಿತೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಗಮನಿಸಬೇಕು.

ಇಷ್ಟೆಲ್ಲಾ ತೊಂದರೆ ಏತಕ್ಕೆ, ಯಾರು ಬಂದು ಕೇಳುತ್ತಾರೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸ್ವಲ್ಪ ಸತ್ಯವಿಲ್ಲದೆ ಇಲ್ಲ. ಸಣ್ಣ ಶಾಲೆಯೊಂದರ ಬಾಗಿಲಿಗೆ ಯಾವ ವಕೀಲನೂ ಬರಲಾರನು. ಆದರೆ ನಮ್ಮ ಚಿಂತೆ ವಕೀಲನದಲ್ಲ, ಕನ್ನಡದ್ದು. ಕಂಪ್ಯೂಟರಿನಲ್ಲಿ ಕನ್ನಡವನ್ನು ಮೂಡಿಸಲು ನಮ್ಮವರು ಪಟ್ಟ ಶ್ರಮ ಸಾಮಾನ್ಯವಾದುದಲ್ಲ. ಶ್ರೀ ಕೆ. ಪಿ. ರಾಯರು ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ ಜನರಿಗೆ ಬಿಟ್ಟುಕೊಟ್ಟರು. ಸರ್ಕಾರವೂ ಅದನ್ನು ಅಂಗೀಕರಿಸಿತು. ಶ್ರೀ ಶೇಷಾದ್ರಿವಾಸು ಅವರ ಬರಹವು 1998ರಲ್ಲಿ ಹೊರಬಂದಿತು. ಕನ್ನಡ ಗಣಕ ಪರಿಷತ್ತಿನ ನುಡಿಯು ಕಚೇರಿ ಕಚೇರಿಗಳಲ್ಲಿ ನೆಲೆಸಿತು. ಬರಹವನ್ನು ಬಹುಕಾಲ ಹಣವಿಲ್ಲದೆಯೇ ಕೊಡಲಾಯಿತು. ಆದರೆ ಉಚಿತವೆಂಬುದೂ ಮುಕ್ತವೆಂಬುದೂ ಒಂದೇ ಅಲ್ಲ. ಊಟಕ್ಕೆ ಕರೆದ ಮನೆಯವರು ಬೆಲೆಯನ್ನು ಕೇಳಲಾರರು. ಹಾಗೆಂದು ಅವರ ಅಡಿಗೆಮನೆಗೆ ನುಗ್ಗಿ ಒಲೆಯನ್ನು ಬೇರೆಡೆ ಕಟ್ಟುವ ಅಧಿಕಾರ ಅತಿಥಿಗೆ ಬರುವುದೆ? ಯೂನಿಕೋಡ್ ಬರುವುದಕ್ಕೆ ಮುಂಚಿನ ಅಕ್ಷರ ಸಂಕೇತಗಳಲ್ಲಿ ಬರೆದಿಟ್ಟ ಪತ್ರಗಳು, ಪುಸ್ತಕಗಳು, ಶಾಲಾ ದಾಖಲೆಗಳು ನಮ್ಮ ನಾಡಿನಲ್ಲಿ ರಾಶಿ ರಾಶಿಯಾಗಿವೆ. ಅವನ್ನು ಇಂದಿನ ಯಂತ್ರಗಳು ಓದುವಂತೆ ಮಾಡಲು ಹಳೆಯ ಅಕ್ಷರಗಳೂ ಪರಿವರ್ತಕಗಳೂ ಬೇಕು. ಹಳೆಯದೊಂದು ಪರಿವರ್ತಕದ ಮೂಲ ಸಂಕೇತವು ದೊರೆತು, ಅದರ ಅನುಮತಿ ಮಾತ್ರ ತಿಳಿಯದಿದ್ದರೆ, ಪ್ರಾಮಾಣಿಕನಾದವನು ಅದನ್ನು ತಿದ್ದಿ ಹಂಚಲು ಹಿಂಜರಿಯುವನು. ಕೆಲಸವು ಅಲ್ಲಿಗೇ ನಿಲ್ಲುವುದು. ಕೃತಿಯನ್ನು ಹುಳು ತಿನ್ನಲಿಲ್ಲ, ಬೆಂಕಿ ಸುಡಲಿಲ್ಲ. ಒಂದು ಸಾಲಿನ ಅಭಾವದಿಂದ ಅದು ಸತ್ತಿತು.

ಅಕ್ಷರಶೈಲಿಗಳ ವಿಷಯವೂ ಹೀಗೆಯೇ. ಲೋಹಿತ್ ಕನ್ನಡ ಎಂಬುದನ್ನು ನಮ್ಮಲ್ಲಿ ಅನೇಕರು ಬಳಸುವರು. ಇದು ಮೊದಲು ಜಿ.ಪಿ.ಎಲ್. ಅಡಿಯಲ್ಲಿದ್ದು, 2011ರಲ್ಲಿ ಅಕ್ಷರಶೈಲಿಗಳಿಗೆಂದೇ ರಚಿತವಾದ ಮುಕ್ತ ಪರವಾನಗಿಗೆ ಬದಲಾಯಿತು. ಹಳೆಯ ಪ್ರತಿಯ ಹೊರಗಿನ ಹೆಸರೂ ಲೋಹಿತ್, ಹೊಸದರ ಹೆಸರೂ ಲೋಹಿತ್. ಯಾವುದು ಯಾವುದೆಂದು ತಿಳಿಯಬೇಕಾದರೆ ಕಡತದ ಒಳಗಿರುವ ಹೆಸರಿನ ಪಟ್ಟಿಯನ್ನು ತೆರೆಯಬೇಕು: ಅಲ್ಲಿ ಸ್ವಾಮ್ಯದ ಮಾತಿಗೆ ಒಂದು ಮನೆ, ಪರವಾನಗಿಯ ವಿವರಣೆಗೆ ಒಂದು ಮನೆ, ಅದು ದೊರೆಯುವ ವಿಳಾಸಕ್ಕೆ ಒಂದು ಮನೆ ಎಂದು ಗೊತ್ತುಮಾಡಿದ್ದಾರೆ. ಶಾಲೆಯ ಸಂಚಿಕೆಗೆ ಅಕ್ಷರ ಜೋಡಿಸುವ ಹುಡುಗಿಯು ಐದು ನಿಮಿಷಗಳಲ್ಲಿ ಇದನ್ನು ನೋಡಿಕೊಳ್ಳಬಹುದು.

ಇನ್ನು ನಮ್ಮ ಕಣ್ಣೆದುರಿನ ಒಂದು ಸಂಗತಿ. ಶಾಲೆಯೊಂದರಲ್ಲಿ ಬಹುವರ್ಷಗಳ ಹಿಂದೆ ಗಣಿತವನ್ನು ಕಲಿಸುತ್ತಿದ್ದ ಉಪಾಧ್ಯಾಯಿನಿಯೊಬ್ಬರು ಅಂಕಪಟ್ಟಿಗಳನ್ನು ಸಿದ್ಧಪಡಿಸಲು ಒಂದು ಪ್ರೋಗ್ರಾಮನ್ನು ಬರೆದಿಟ್ಟಿದ್ದರು. ಕನ್ನಡದ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಭಾಗವು ಅದರಲ್ಲಿ ಬಲು ಚೆನ್ನಾಗಿದೆ. ತಲೆಯಲ್ಲಿ ಅವರ ಹೆಸರಿನ ಎರಡು ಮೊದಲಕ್ಷರಗಳೂ ವರ್ಷವೂ ಹೊರತು ಬೇರೇನೂ ಇಲ್ಲ. ಇದನ್ನು ಬೇರೆ ಶಾಲೆಗಳಿಗೂ ಕೊಡೋಣವೆಂಬ ಸಲಹೆ ಬಂದಾಗ ಪ್ರಶ್ನೆ ಎದ್ದಿತು: ಇದು ಯಾರದು? ನೌಕರಿಯ ಕರ್ತವ್ಯದಲ್ಲಿ ಬರೆದುದಾದರೆ ಸ್ವಾಮ್ಯವು ನೌಕರಿ ಕೊಟ್ಟವರದೆಂದು ಕಾಯಿದೆಯ 17ನೆಯ ಪ್ರಕರಣವು ಹೇಳುತ್ತದೆ. ಆದರೆ ಅವರ ಕರ್ತವ್ಯವು ಗಣಿತವನ್ನು ಕಲಿಸುವುದಾಗಿತ್ತೇ ಹೊರತು ಪ್ರೋಗ್ರಾಮನ್ನು ಬರೆಯುವುದಲ್ಲ. ಬೇಸಿಗೆಯ ರಜದಲ್ಲಿ ತಮ್ಮ ಮನೆಯಲ್ಲಿ ಕುಳಿತು ಬರೆದರೆಂದು ಬಲ್ಲವರು ಹೇಳುತ್ತಾರೆ. ಹಾಗಿದ್ದರೆ ಅದು ಅವರದೇ, ಅವರು ಕಾಲವಾದುದರಿಂದ ಈಗ ಅವರ ಮಕ್ಕಳದು. ಅವರಿದ್ದಿದ್ದರೆ ಬೇಡವೆನ್ನುತ್ತಿದ್ದರೆ ಎಂದು ಕೆಲವರು ವಾದಿಸಿದರು. ಬಹುಶಃ ಎನ್ನುತ್ತಿರಲಿಲ್ಲ. ಆದರೂ ಆ ತಾಯಿಯ ಔದಾರ್ಯವನ್ನು ನಾವು ಅವರ ಬದಲಾಗಿ ಸಹಿಮಾಡಿ ಕೊಡುವಂತಿಲ್ಲವೆಂಬುದೇ ನಮ್ಮ ನಿಲುವು. ಕಂಡವರ ಕಡತಕ್ಕೆ ಸದುದ್ದೇಶದಿಂದಲೇ ಆದರೂ ಮುಕ್ತವೆಂಬ ಚೀಟಿಯನ್ನು ಅಂಟಿಸುವವರು, ಮುಂದೆ ಓದುವವರಿಗೆ ಸುಳ್ಳು ಸಾಕ್ಷ್ಯವನ್ನು ಬಿಟ್ಟುಹೋಗುತ್ತಾರೆ. ಮಕ್ಕಳಿಗೆ ಕಾಗದವನ್ನು ಬರೆದು ಕೇಳುವುದೇ ಸರಿಯಾದ ದಾರಿ. ಉತ್ತರ ಬರುವವರೆಗೆ ಆ ಕಡತದ ಪಕ್ಕದಲ್ಲಿ, ಸ್ವಾಮ್ಯವು ಇಂಥವರದೆಂದು ತೋರುತ್ತದೆ, ಅನುಮತಿ ದೊರೆತಿಲ್ಲ, ಇಂತಹ ದಿನ ವಿಚಾರಿಸಲಾಗಿದೆ ಎಂದು ಬರೆದಿಡುವುದು ಮೇಲು. ಒಡೆಯರು ಯಾರೆಂದು ಎಷ್ಟು ಹುಡುಕಿದರೂ ಸಿಗದ ಕೃತಿಗಳಿಗೆ, ಅರ್ಜಿ ಸಲ್ಲಿಸಿ ಅನುಮತಿಯನ್ನು ಪಡೆಯುವ ಮಾರ್ಗವನ್ನು 31ಎ ಪ್ರಕರಣವು ತೋರಿಸಿದೆ; ಆದರೆ ಅಂಕಪಟ್ಟಿಯ ಪ್ರೋಗ್ರಾಮಿಗಾಗಿ ಯಾರು ಆ ಮೆಟ್ಟಿಲನ್ನು ಹತ್ತುವರು?

ಒಡೆತನವು ಸ್ಪಷ್ಟವಾಗಿದ್ದಲ್ಲಿ ದಾನವು ಎಷ್ಟು ಸುಲಭವೆಂಬುದಕ್ಕೆ ನಮ್ಮ ಊರಿನಲ್ಲಿಯೇ ನಿದರ್ಶನವಿದೆ. ಮೈಸೂರು ವಿಶ್ವವಿದ್ಯಾನಿಲಯವು 1969ರಿಂದ ಹೊರತಂದ ಕನ್ನಡ ವಿಶ್ವಕೋಶವನ್ನು ನೂರಾರು ವಿದ್ವಾಂಸರು ಬರೆದರು. ಆದರೂ ಸ್ವಾಮ್ಯವು ವಿಶ್ವವಿದ್ಯಾನಿಲಯದ್ದೆಂಬುದು ಗೊತ್ತಿದ್ದುದರಿಂದ, 2014ರಲ್ಲಿ ಅದರ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಅಡಿಯಲ್ಲಿ ಲೋಕಕ್ಕೆ ಬಿಟ್ಟುಕೊಡಲು ಸಾಧ್ಯವಾಯಿತು. ಅಲ್ಲಿಯ ಲೇಖನಗಳು ಕನ್ನಡ ವಿಕಿಪೀಡಿಯಕ್ಕೆ ಆಧಾರವಾದುವು. ಕಾದಂಬರಿಕಾರ ನಿರಂಜನರ ಕೃತಿಗಳನ್ನು ಅವರ ಕುಟುಂಬದವರು ಅದೇ ವರ್ಷ ಹಾಗೆಯೇ ಮುಕ್ತಗೊಳಿಸಿದರು. ಕೇಳುವವರು ಹೋಗಿ ಕೇಳಿದರು, ಕೊಡುವ ಅಧಿಕಾರವುಳ್ಳವರು ಕೊಟ್ಟರು. ಇಷ್ಟೇ ನಡೆದುದು.

ತಂತ್ರಾಂಶಗಳಲ್ಲಿಯೂ ಇದು ಆಗಬೇಕು, ಬೇಗನೆ ಆಗಬೇಕು. ಕಂಪ್ಯೂಟರಿಗೆ ಕನ್ನಡವನ್ನು ಕಲಿಸಿದ ಮೊದಲ ತಲೆಮಾರಿನವರು ಈಗ ವೃದ್ಧರು. ಅವರಲ್ಲಿ ಕೆಲವರ ಮನೆಗಳಲ್ಲಿ ಹಳೆಯ ಫ್ಲಾಪಿಗಳು ಇನ್ನೂ ಇರಬಹುದು. ಅವರು ಬದುಕಿರುವಾಗ ಒಂದು ಸಾಲನ್ನು ಬರೆಯಿಸಿಕೊಳ್ಳುವುದು ಅರ್ಧ ಗಂಟೆಯ ಕೆಲಸ. ಸ್ವಾಮ್ಯವನ್ನು ಪೂರ್ತಿಯಾಗಿ ಬಿಟ್ಟುಬಿಡಲು ಇಚ್ಛಿಸುವವರಿಗೆ 21ನೆಯ ಪ್ರಕರಣದಲ್ಲಿ ದಾರಿಯುಂಟು. 2012ರ ತಿದ್ದುಪಡಿಯ ಮೇಲೆ ಸಾರ್ವಜನಿಕ ಪ್ರಕಟಣೆಯೊಂದೇ ಸಾಕು. ಅವರು ಹೋದ ಮೇಲೆ ಅರವತ್ತು ವರ್ಷ ಕಾಯಬೇಕು, ಇಲ್ಲವೆ ಚದುರಿಹೋದ ವಾರಸುದಾರರನ್ನು ದೇಶವಿದೇಶಗಳಲ್ಲಿ ಹುಡುಕಬೇಕು. ಸರ್ಕಾರದ ಮಾತಂತೂ ಬೇರೆಯೇ. ಸರ್ಕಾರಿ ಕೃತಿಗಳ ಸ್ವಾಮ್ಯವು, ಬೇರೆ ಕರಾರಿಲ್ಲದಿದ್ದರೆ, ಸರ್ಕಾರದ್ದೇ. ಭಾರತ ಸರ್ಕಾರವು ಮುಕ್ತ ತಂತ್ರಾಂಶಗಳನ್ನು ಅಂಗೀಕರಿಸುವ ನೀತಿಯನ್ನು 2015ರಲ್ಲಿ ಪ್ರಕಟಿಸಿತು. ಜನರ ತೆರಿಗೆಯಿಂದ ಬರೆಯಿಸಿದ ಕನ್ನಡದ ತಂತ್ರಾಂಶಗಳೂ ಅಕ್ಷರಗಳೂ ಯಾವ ಯಾವ ಇಲಾಖೆಯ ಬೀರುಗಳಲ್ಲಿ ಇವೆಯೋ, ಅವುಗಳ ಕರಾರು ಪತ್ರಗಳನ್ನು ತೆರೆದು ನೋಡಿ, ಸರ್ಕಾರಕ್ಕೆ ಸೇರಿದ ಪ್ರತಿಯೊಂದು ಕಡತದ ತಲೆಯ ಮೇಲೂ ಆ ಒಂದು ಸಾಲನ್ನು ಬರೆಯಿಸುವಂತೆ ಒತ್ತಾಯಪಡಿಸುವುದು ನಾಗರಿಕರ ಹಕ್ಕಾಗಿದೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಮೈಸೂರಿನ ಹೆಬ್ಬಾಳದಲ್ಲಿಯೂ ಬೆಂಗಳೂರಿನಲ್ಲಿಯೂ ತಂತ್ರಾಂಶದ ಕಚೇರಿಗಳಲ್ಲಿ ದುಡಿಯುತ್ತಿರುವವರು ಇದ್ದಾರೆ. ಈ ಪರೀಕ್ಷೆಯನ್ನು ಅವರು ತಮ್ಮ ಯಜಮಾನರಿಗಾಗಿ ಬಲ್ಲರು. ವರ್ಷಕ್ಕೆ ನಾಲ್ಕಾರು ಶನಿವಾರಗಳನ್ನು ಅವರು ಕನ್ನಡದ ಹಳೆಯ ಕಡತಗಳಿಗಾಗಿ ಕೊಟ್ಟು, ಒಂಬತ್ತನೆಯ ತರಗತಿಯ ಹುಡುಗಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವುದಾದರೆ, ಯಾರಿಗೆ ಕಾಗದ ಬರೆಯಬೇಕೆಂಬ ಮೊದಲ ಪಟ್ಟಿಯನ್ನು ಬರುವ ಬೇಸಿಗೆಯೊಳಗೆ ಸಿದ್ಧಮಾಡಬಹುದು.